ಈ ಕೆಲಸವನ್ನೇ ಏಕೆ ಆರಿಸಿಕೊಂಡಿರಿ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಾಗಲಿ, ದೆಹಲಿಯ ಕೇಂದ್ರ ಲೋಕಸೇವಾ ಆಯೋಗವಾಗಲಿ, ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಯಾಗಲಿ, ಕೆಲಸಕ್ಕೆಂದು ಸಂದರ್ಶನಕ್ಕೆ ಹೋದವರಿಗೆ ಒಂದು ಪ್ರಶ್ನೆ ಸಾಮಾನ್ಯವಾಗಿ ತಪ್ಪುವುದಿಲ್ಲ: ಈ ಕೆಲಸವನ್ನೇ ಏಕೆ ಆರಿಸಿಕೊಂಡಿರಿ? ಕೇಳುವವರಿಗೆ ಇದು ಮಾತು ಶುರು ಮಾಡುವ ಸುಲಭದ ದಾರಿ. ಉತ್ತರ ಕೊಡುವವರು ಮಾತ್ರ ಇದಕ್ಕಾಗಿ ವಾರಗಟ್ಟಲೆ ತಯಾರಿ ಮಾಡಿರುತ್ತಾರೆ, ಕನ್ನಡಿಯ ಮುಂದೆ ಒಪ್ಪಿಸಿ ನೋಡಿಕೊಂಡಿರುತ್ತಾರೆ. ಇಷ್ಟು ಸಹಜವೆನಿಸುವ ಈ ಪ್ರಶ್ನೆ ಮನುಷ್ಯರ ದುಡಿಮೆಯ ಚರಿತ್ರೆಯಲ್ಲಿ ತೀರ ಈಚಿನದು. ಅದು ಮೂಡಿಬಂದ ದಾರಿಯನ್ನು ಹಿಂಬಾಲಿಸಿದರೆ ಒಂದು ಸಂಗತಿ ಕಾಣುತ್ತದೆ. ಅಭ್ಯರ್ಥಿಯ ಯೋಗ್ಯತೆ ತಿಳಿಯಲೆಂದು ಕೇಳುವ ಈ ಪ್ರಶ್ನೆ ಬಹುಪಾಲು ಅಳೆಯುವುದು ಅವನಿಗೆ ಬದುಕು ಎಷ್ಟು ಆಯ್ಕೆಗಳನ್ನು ಕೊಟ್ಟಿತ್ತು ಎಂಬುದನ್ನು. ಆದ್ದರಿಂದ ಅದಕ್ಕೆ ನಾವು ಇಂದು ಕೊಡುತ್ತಿರುವಷ್ಟು ತೂಕ ಕೊಡಬಾರದು ಎಂಬುದು ನನ್ನ ವಾದ.

ಶತಮಾನಗಳ ಕಾಲ ನಮ್ಮಲ್ಲಿ ಕಸುಬು ಹುಟ್ಟಿನೊಂದಿಗೇ ಬರುತ್ತಿತ್ತು. ಕುಂಬಾರನ ಮಗನನ್ನು ತಿಗರಿಯ ಮುಂದೆ ಏಕೆ ಕೂತೆ ಎಂದು ಯಾರೂ ಕೇಳಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಈ ವ್ಯವಸ್ಥೆಗೆ ಅಂಟಿದ್ದ ಮೇಲುಕೀಳನ್ನು ಎದುರಿಸಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರ ಹೆಸರಿನಲ್ಲೇ ಅವರ ಕಾಯಕವಿದೆ. ಗಮನಿಸಬೇಕಾದ ಮಾತೆಂದರೆ, ಕಾಯಕ ತತ್ವ ಕೇಳಿದ್ದು ಕೆಲಸವನ್ನು ಹೇಗೆ ಮಾಡುತ್ತೀಯ, ಅದರಿಂದ ಎಷ್ಟು ತೆಗೆದುಕೊಳ್ಳುತ್ತೀಯ ಎಂಬುದನ್ನು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನನ್ನು ಎಚ್ಚರಿಸಿದ ಪ್ರಸಂಗ ಕನ್ನಡಿಗರಿಗೆ ಗೊತ್ತೇ ಇದೆ. ಕೆಲಸದ ಮೌಲ್ಯ ಮಾಡುವ ರೀತಿಯಲ್ಲಿತ್ತು, ಆರಿಸಿಕೊಂಡ ಕಾರಣದಲ್ಲಿರಲಿಲ್ಲ.

ಸರ್ಕಾರಿ ನೌಕರಿಯ ಕಥೆ ಬೇರೆ ದಾರಿಯಲ್ಲಿ ಬಂತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಡಿಯಾದ ಆಡಳಿತಕ್ಕೆ ಬರುವ ಇಂಗ್ಲಿಷ್ ತರುಣನಿಗೆ ಕಂಪನಿಯ ನಿರ್ದೇಶಕರೊಬ್ಬರ ನಾಮನಿರ್ದೇಶನವೇ ಮುಖ್ಯವಾಗಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ವಶೀಲಿ. ಅಲ್ಲಿ ಎದ್ದ ಪ್ರಶ್ನೆ ಒಂದೇ: ನೀನು ಯಾರ ಕಡೆಯವನು? 1853ರ ಕಾಯಿದೆ ಈ ಪದ್ಧತಿಗೆ ಕೊನೆ ಹಾಡಿತು, ಮುಂದಿನ ವರ್ಷ ಮೆಕಾಲೆ ಸಮಿತಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಶುರುವಾಯಿತು. ಇಂಥ ಪರೀಕ್ಷೆಯ ಬಾಗಿಲಿನಿಂದಲೇ 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಮೊದಲ ಭಾರತೀಯರಾಗಿ ಒಳಗೆ ಹೋದರು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸಿವಿಲ್ ಸರ್ವಿಸ್ ಪರೀಕ್ಷೆ ಬಂತು. ಮುಂದೆ ಮಾಸ್ತಿಯವರು ಅಧಿಕಾರಿಯಾದದ್ದು ಈ ಪರೀಕ್ಷೆಯನ್ನು ಪಾಸು ಮಾಡಿ. ಈ ಪರೀಕ್ಷೆಗಳಿಗೂ ತಮ್ಮ ಅನ್ಯಾಯಗಳಿದ್ದವು. ಓದುವ ಅವಕಾಶವೇ ಇಲ್ಲದವರಿಗೆ ಅವು ಮುಚ್ಚಿದ ಬಾಗಿಲಾಗಿದ್ದವು. 1918ರಲ್ಲಿ ಮೈಸೂರಿನಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು, ಮಿಲ್ಲರ್ ಸಮಿತಿ ನೇಮಕವಾಗಲು ಕಾರಣವೂ ಅದೇ. ಆದರೂ ಯಾರ ಕಡೆಯವನು ಎಂಬ ಪ್ರಶ್ನೆ ಹಿಂದೆ ಸರಿದು, ನಿನಗೇನು ಗೊತ್ತು ಎಂಬ ಪ್ರಶ್ನೆ ಮುಂದೆ ಬಂದದ್ದು ದೊಡ್ಡ ಬದಲಾವಣೆ.

ಏಕೆ ಎಂಬ ಪ್ರಶ್ನೆಗೆ ತಳಹದಿ ಬಿದ್ದದ್ದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬ ಸುಧಾರಕ ಅಲ್ಲಿ ಉದ್ಯೋಗ ಮಾರ್ಗದರ್ಶನ ಕಚೇರಿಯೊಂದನ್ನು ತೆರೆದ. ಕೈಗೆ ಸಿಕ್ಕ ಕೆಲಸಕ್ಕೆ ಸೇರಿ, ಬಿಟ್ಟು, ಮತ್ತೊಂದಕ್ಕೆ ಅಲೆಯುತ್ತಿದ್ದ ಬಡ ತರುಣರಿಗೆ ನೆರವಾಗುವುದು ಅವನ ಉದ್ದೇಶ. ಅದೇ ವರ್ಷ ಅವನು ತೀರಿಕೊಂಡ. ಅವನ ಪುಸ್ತಕ 1909ರಲ್ಲಿ ಹೊರಬಂತು. ಉದ್ಯೋಗದ ಆಯ್ಕೆಗೆ ಅವನು ಹೇಳಿದ್ದು ಮೂರು ಅಂಶ: ತನ್ನನ್ನು ತಾನು ಅರಿಯಬೇಕು, ಆ ಕೆಲಸದ ಸ್ವರೂಪವನ್ನೂ ಅದರಲ್ಲಿ ಮುಂದೆ ಬರಲು ಬೇಕಾದುದನ್ನೂ ತಿಳಿಯಬೇಕು, ಇವೆರಡರ ಹೊಂದಾಣಿಕೆಯನ್ನು ಸರಿಯಾಗಿ ಯೋಚಿಸಬೇಕು. ಪಾರ್ಸನ್ಸ್ ಇದನ್ನು ಹೇಳಿದ್ದು ಕೆಲಸ ಹುಡುಕುವವನ ಹಿತಕ್ಕೆ. ಆದರೆ ದಶಕಗಳು ಕಳೆದಂತೆ ಈ ವಿಚಾರ ಮೇಜಿನ ಆಚೆ ಬದಿಗೆ ದಾಟಿತು. ಮಾರ್ಗದರ್ಶಕ ಸ್ನೇಹದಿಂದ ಕೇಳುತ್ತಿದ್ದುದನ್ನು ಉದ್ಯೋಗ ಕೊಡುವವನು ಪರೀಕ್ಷೆಯಾಗಿ ಕೇಳತೊಡಗಿದ. ಎರಡನೆಯ ಅಂಶ, ಅಂದರೆ ಕೆಲಸದ ತಿಳಿವಳಿಕೆ, ಮಸುಕಾಗಿ, ಮೊದಲನೆಯದು ಮಾತ್ರ ಗಟ್ಟಿಯಾಗಿ ಉಳಿಯಿತು.

ಈ ಪ್ರಶ್ನೆ ಕೇಳುವ ಜಾಗವಾದ ಮೌಖಿಕ ಪರೀಕ್ಷೆಗೂ ತನ್ನದೇ ಚರಿತ್ರೆಯಿದೆ. ಬ್ರಿಟನ್ನಿನಲ್ಲಿ 1917ರಲ್ಲಿ ಲೀಥ್ಸ್ ಸಮಿತಿ ಸಿವಿಲ್ ಸರ್ವಿಸ್‌ಗೆ ಸಾಮಾನ್ಯ ವಿಷಯಗಳ ಮೌಖಿಕ ಪರೀಕ್ಷೆ ಬೇಕೆಂದು ಶಿಫಾರಸು ಮಾಡಿತು. ಆ ಪರಂಪರೆ ಸ್ವತಂತ್ರ ಭಾರತಕ್ಕೂ ಬಂತು. ಮೌಖಿಕ ಅಂಕಗಳ ಸುತ್ತ ನಮ್ಮ ನ್ಯಾಯಾಲಯಗಳಲ್ಲಿ ನಡೆದ ವಾದಗಳು ಈ ಚರಿತ್ರೆಯ ಬಹುಮುಖ್ಯ ಭಾಗ, ಅದರ ಆರಂಭದ ಪ್ರಕರಣವೊಂದು ನಮ್ಮದೇ ರಾಜ್ಯದ್ದು. ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನೂ ಸೇರಿಸಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಅದಕ್ಕೆ ಇಟ್ಟಿತ್ತು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹದಿನೇಳು ವರ್ಷದ ಮೇಲೆ, 1981ರಲ್ಲಿ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಸಿಯಾ ಪ್ರಕರಣ ಬಂದಾಗ ನ್ಯಾಯಾಲಯದ ಧಾಟಿ ಬದಲಾಗಿತ್ತು. ಅಲ್ಲಿ ಲಿಖಿತಕ್ಕೆ 100, ಮೌಖಿಕಕ್ಕೆ 50 ಅಂಕ. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿದಿತ್ತು, ಕೇಳಿದ್ದು ತಂದೆತಾಯಿ ಯಾರು, ಊರು ಯಾವುದು ಎಂಬಂಥ ಪ್ರಶ್ನೆಗಳನ್ನು ಎಂದು ಅರ್ಜಿದಾರರು ಹೇಳಿದ್ದರು. ಮೌಖಿಕಕ್ಕೆ ಒಟ್ಟು ಅಂಕಗಳ ಶೇಕಡಾ 15ಕ್ಕಿಂತ ಹೆಚ್ಚು ಇಡುವುದು ನಿರಂಕುಶವೆನಿಸುತ್ತದೆ ಎಂದಿತು ಕೋರ್ಟು. ಸಂದರ್ಶನಗಳನ್ನು ಟೇಪಿನಲ್ಲಿ ದಾಖಲಿಸುವುದು ಒಳ್ಳೆಯದೆಂದೂ ಸೂಚಿಸಿತು. ಯಾರ ಕಡೆಯವನು ಎಂಬ ಕಂಪನಿ ಕಾಲದ ಪ್ರಶ್ನೆ ಮೌಖಿಕ ಪರೀಕ್ಷೆಯ ಹಿಂಬಾಗಿಲಿನಿಂದ ಮರಳಿ ಬಂದಿತ್ತು, ನ್ಯಾಯಾಲಯ ಅದನ್ನು ಗುರುತಿಸಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಗ್ರೂಪ್ ಸಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಂದಿಗೂ 2025 ಅಂಕಗಳಲ್ಲಿ 275 ವ್ಯಕ್ತಿತ್ವ ಪರೀಕ್ಷೆಗೆ. ಡಾಕ್ಟರಿಕೆ ಬಿಟ್ಟು ಇಲ್ಲಿಗೇಕೆ ಬಂದಿರಿ ಎಂಬ ಪ್ರಶ್ನೆ ಅಲ್ಲಿ ವಾಡಿಕೆಯದು.

ಈ ಪ್ರಶ್ನೆಗೆ ಸಿಗುವ ಉತ್ತರದಿಂದ ತಿಳಿಯುವುದೇನು? 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಬಂಧವೊಂದು ಇಲ್ಲಿ ನೆರವಿಗೆ ಬರುತ್ತದೆ. ಅಂಗಡಿಯೊಂದರಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿಟ್ಟು, ಯಾವುದು ಒಳ್ಳೆಯದೆಂದು ಗಿರಾಕಿಗಳನ್ನು ಕೇಳಿದರು. ನಾಲ್ಕೂ ಒಂದೇ ತೆರನವು. ಜನ ಹೆಚ್ಚಾಗಿ ಬಲತುದಿಯದನ್ನು ಆರಿಸಿದರು. ಕಾರಣ ಕೇಳಿದಾಗ ಇಟ್ಟ ಜಾಗದ ಮಾತನ್ನು ಯಾರೂ ತಾವಾಗಿ ಎತ್ತಲಿಲ್ಲ. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ನಮ್ಮ ಆಯ್ಕೆಯ ನಿಜವಾದ ಕಾರಣ ಎಷ್ಟೋ ವೇಳೆ ನಮಗೇ ತಿಳಿದಿರುವುದಿಲ್ಲ, ಒಪ್ಪುವಂಥ ಕಾರಣವನ್ನು ಆಮೇಲೆ ಹೊಂದಿಸಿಕೊಳ್ಳುತ್ತೇವೆ. ಒಂದು ಕಾಲುಚೀಲದ ವಿಷಯ ಹೀಗಾದರೆ, ಸಿಇಟಿ ರ‍್ಯಾಂಕು, ಊರಿಗೆ ಹತ್ತಿರದ ಕಾಲೇಜು, ಅಕ್ಕನ ಮದುವೆಯ ಸಾಲ, ಆ ವರ್ಷ ಕ್ಯಾಂಪಸ್ಸಿಗೆ ಬಂದ ಕಂಪನಿ ಇವೆಲ್ಲ ಸೇರಿ ತೀರ್ಮಾನಿಸಿದ ಉದ್ಯೋಗದ ವಿಷಯ ಏನು? ಸಿವಿಲ್, ಮೆಕ್ಯಾನಿಕಲ್ ಓದಿದ ಅಸಂಖ್ಯ ತರುಣರು ಬೆಂಗಳೂರಿನ ಐಟಿ ಕಂಪನಿಗಳಿಗೆ ಸೇರಿದ್ದು ಚಿಕ್ಕಂದಿನಿಂದ ಕಂಪ್ಯೂಟರಿನ ಕನಸು ಕಂಡಿದ್ದರಿಂದಲ್ಲ, ಕೆಲಸ ಇದ್ದದ್ದು ಅಲ್ಲಿ ಎಂಬ ಕಾರಣಕ್ಕೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೂ ಅವರಿಂದ ನಾವು ಕನಸಿನ ಕಥೆಯನ್ನೇ ಹೇಳಿಸುತ್ತೇವೆ.

ಕಥೆ ಹೇಳುವ ಅನುಕೂಲವೂ ಎಲ್ಲರಿಗೂ ಸಮನಾಗಿಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ನಮ್ಮ ದೇಶದ ಕಂಪನಿಗಳ ಎಚ್‌ಆರ್ ಅಧಿಕಾರಿಗಳನ್ನು ಮಾತಾಡಿಸಿದರು. ಜಾತಿ ನೋಡುವುದಿಲ್ಲ, ಪ್ರತಿಭೆ ಮಾತ್ರ ನೋಡುತ್ತೇವೆ ಎಂದವರೇ ಕುಟುಂಬದ ಹಿನ್ನೆಲೆಯನ್ನು ವಿಚಾರಿಸುವುದು ಅಗತ್ಯವೆಂದೂ ಹೇಳಿದರು. ಅದೇ ವರ್ಷ ಸಂಶೋಧಕಿ ಕ್ಯಾರಲ್ ಉಪಾಧ್ಯ ಐಟಿ ಉದ್ಯಮದ ನೇಮಕಾತಿಯ ಬಗ್ಗೆ ಬರೆಯುತ್ತ, ಅಲ್ಲಿನ ಉದ್ಯೋಗಿಗಳು ಬಹುಪಾಲು ನಗರದ, ಮಧ್ಯಮವರ್ಗದ, ಮೇಲ್ಜಾತಿಯ ಮನೆಗಳಿಂದ ಬಂದವರೆಂಬುದನ್ನು ತೋರಿಸಿದರು. ತಂದೆ ಎಂಜಿನಿಯರ್ ಆಗಿರುವ ಮನೆಯ ಹುಡುಗಿಗೆ ಆಸಕ್ತಿಯ ಕಥೆ ಊಟದ ಹೊತ್ತಿನ ಮಾತುಕತೆಯಿಂದಲೇ ಸಿಕ್ಕಿರುತ್ತದೆ. ಕೂಲಿಯವರ ಮನೆಯಿಂದ ಮೊದಲ ಬಾರಿಗೆ ಡಿಗ್ರಿ ಮುಗಿಸಿ ಬಂದ ಹುಡುಗಿ ಸಂಬಳ ಬೇಕಿತ್ತು ಎಂದರೆ, ಹೇಳಿದ್ದು ನಿಜವಾದರೂ, ಅಂಕ ಕಳೆದುಕೊಳ್ಳುತ್ತಾಳೆ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ತಿಂಗಳುಗಟ್ಟಲೆ ತರಬೇತಿ ಕೊಟ್ಟ ಮೇಲೆ ಬಿಟ್ಟುಹೋಗುವವನೋ ಎಂದು ತಿಳಿಯುವ ಹಕ್ಕು ಸಂಸ್ಥೆಗಿದೆ, ನಿಜ. ಆದರೆ ಬಿಟ್ಟುಹೋಗಲು ನಿರ್ಧರಿಸಿದವನು ಅದನ್ನು ಸಂದರ್ಶನದಲ್ಲಿ ಹೇಳುವುದಿಲ್ಲ. ಕೆಲಸದ ವೇಳೆ, ಸಂಬಳ, ವರ್ಗಾವಣೆ ಇವನ್ನು ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ತಿಳಿಸಿ, ಒಪ್ಪಿಗೆಯೇ ಎಂದು ಕೇಳಿದರೆ ಹೆಚ್ಚು ನಂಬಬಹುದಾದ ಉತ್ತರ ಬರುತ್ತದೆ. ಶುಶ್ರೂಷೆ, ಬೋಧನೆಯಂಥ ಕೆಲಸಗಳಿಗೆ ಒಳಗಿನ ತುಡಿತ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಬೇಕು. ಅದು ಕಾಣುವುದು ರೋಗಿಯ ಬಳಿ, ತರಗತಿಯಲ್ಲಿ. ಒಂದು ಪಾಠ ಮಾಡಿಸಿ ನೋಡಿದರೆ ತಿಳಿಯುವುದು ಹತ್ತು ನಿಮಿಷದ ಭಾಷಣದಿಂದ ತಿಳಿಯುವುದಿಲ್ಲ. ಅಲ್ಲದೆ ಸಮಾಜಶಾಸ್ತ್ರಜ್ಞೆ ಎರಿನ್ ಸೆಕ್ ತಮ್ಮ 2021ರ ಪುಸ್ತಕದಲ್ಲಿ ತೋರಿಸಿರುವಂತೆ, ಕೆಲಸದ ಮೇಲಿನ ಪ್ರೀತಿಗೆ ಮಿತಿಮೀರಿದ ಬೆಲೆ ಕೊಟ್ಟಾಗ ಅದೇ ಪ್ರೀತಿಯ ಹೆಸರಿನಲ್ಲಿ ಹೆಚ್ಚು ದುಡಿಸಿಕೊಳ್ಳುವುದೂ ನಡೆಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅಂಬೇಡ್ಕರ್ ಅವರ ವಿಚಾರದಿಂದ ಹುಟ್ಟುತ್ತದೆ. ಜಾತಿಯೆಂಬುದು ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸಗಾರರನ್ನೇ ವಿಭಜಿಸುವ ವ್ಯವಸ್ಥೆ ಎಂದೂ, ಅಲ್ಲಿ ವ್ಯಕ್ತಿಯ ಆಯ್ಕೆಗೆ ಜಾಗವಿಲ್ಲವೆಂದೂ ಅವರು 1936ರಲ್ಲಿ ವಾದಿಸಿದರು. ಹಾಗಿದ್ದರೆ ಏಕೆ ಆರಿಸಿಕೊಂಡೆ ಎಂದು ಕೇಳುವುದೇ ಬಿಡುಗಡೆಯ ಗುರುತಲ್ಲವೇ? ಆಯ್ಕೆ ಹೋರಾಡಿ ಪಡೆದ ಹಕ್ಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಅಷ್ಟೇ ಕಾರಣಕ್ಕೆ, ಎಲ್ಲರಿಗೂ ಆ ಹಕ್ಕು ಸಿಗುವ ಮೊದಲೇ ಸಿಕ್ಕಿದೆಯೆಂದು ಭಾವಿಸಿಕೊಂಡು ಅಂಕ ಹಾಕುವುದು ಅನ್ಯಾಯ.

ಸಂದರ್ಶನವೇ ಬೇಡವೆನ್ನುವ ವಾದ ನನ್ನದಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ನೇಮಕಾತಿಯ ವಿಧಾನಗಳನ್ನು ಮರುಪರಿಶೀಲಿಸಿದಾಗ, ಮುಂದಿನ ಕೆಲಸದ ಗುಣಮಟ್ಟವನ್ನು ಚೆನ್ನಾಗಿ ಊಹಿಸುವ ವಿಧಾನಗಳಲ್ಲಿ ಮೊದಲ ಸ್ಥಾನ ಕ್ರಮಬದ್ಧ ಸಂದರ್ಶನಕ್ಕೇ ಸಿಕ್ಕಿತು. ಕ್ರಮಬದ್ಧ ಎಂದರೆ ಎಲ್ಲರಿಗೂ ಅವೇ ಪ್ರಶ್ನೆಗಳು, ಅವೂ ಕೆಲಸಕ್ಕೆ ಸಂಬಂಧಿಸಿದವು, ಅಂಕ ಕೊಡಲು ಮೊದಲೇ ಗೊತ್ತುಮಾಡಿದ ಅಳತೆ. ಕೆಲಸ ಹುಡುಕುತ್ತಿರುವ ತರುಣ ತರುಣಿಯರಿಗೆ ನಾನು ಹೇಳುವುದಿಷ್ಟು: ಆ ಪ್ರಶ್ನೆ ಬಂದರೆ ಇಲ್ಲದ ಕನಸನ್ನು ಕಟ್ಟಬೇಡಿ, ಬಂದ ದಾರಿಯನ್ನು ಒಂದು ಮಾತಿನಲ್ಲಿ ನೇರವಾಗಿ ಹೇಳಿ, ಈ ಕೆಲಸದ ಬಗ್ಗೆ ಏನು ತಿಳಿದುಕೊಂಡಿದ್ದೀರಿ, ಏನು ಮಾಡಿ ನೋಡಿದ್ದೀರಿ ಎಂಬುದಕ್ಕೆ ಉಳಿದ ಹೊತ್ತನ್ನು ಕೊಡಿ. ಮೇಜಿನ ಆಚೆ ಕೂರುವ ಹಿರಿಯರಲ್ಲಿ ನನ್ನ ಕೋರಿಕೆ: ಈ ಸಲದ ನೇಮಕಾತಿಯಲ್ಲಿ ಆ ಪ್ರಶ್ನೆಗೆ ಅಂಕ ಇಡಬೇಡಿ, ಆ ಸಮಯದಲ್ಲಿ ಅಭ್ಯರ್ಥಿಯ ಕೈಗೆ ಒಂದು ಚಿಕ್ಕ ಕೆಲಸ ಕೊಟ್ಟು ನೋಡಿ.