ಯಾವ ಊರಿನ ಆಟಗಾರ?



ರಾಜ್ಯೋತ್ಸವದ ವೇದಿಕೆಯಲ್ಲಿ ಕ್ರಿಕೆಟ್ಟಿನ ಮಾತೇ ಎಂದು ಹಿರಿಯರು ಹುಬ್ಬೇರಿಸಬಾರದು. ಕಾರಣ ಉಂಟು. 2023ನೆಯ ಇಸವಿ ನವೆಂಬರ್ 4ರಂದು, ರಾಜ್ಯೋತ್ಸವ ಕಳೆದ ಮೂರನೆಯ ದಿನ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡಿಗೂ ಪಾಕಿಸ್ತಾನಕ್ಕೂ ವಿಶ್ವಕಪ್ಪಿನ ಪಂದ್ಯ ನಡೆಯಿತು. ನ್ಯೂಜಿಲೆಂಡಿನ ಪರವಾಗಿ 108 ಓಟ ಹೊಡೆದವರು ರಚಿನ್ ರವೀಂದ್ರ. ಹುಟ್ಟಿದ್ದು 1999ರಲ್ಲಿ, ವೆಲಿಂಗ್ಟನ್ನಿನಲ್ಲಿ. ತಂದೆತಾಯಿಗಳು ಬೆಂಗಳೂರಿನಿಂದ ಹೋದವರು. ಅವರ ತಂಡ 401 ಓಟ ಗಳಿಸಿಯೂ ಮಳೆಯ ಲೆಕ್ಕಾಚಾರದಲ್ಲಿ 21 ಓಟಗಳಿಂದ ಸೋತಿತು. ಅದು ಬೇರೆ ಮಾತು. ನಾವಂತೂ ಮನೆಮನೆಗಳಲ್ಲಿ "ನಮ್ಮ ಹುಡುಗ" ಎಂದು ಕೈತಟ್ಟಿದೆವು.

ಮರುವರ್ಷ, 2024ರ ಅಕ್ಟೋಬರಿನಲ್ಲಿ, ಅದೇ ಮೈದಾನದಲ್ಲಿ ಭಾರತದ ಎದುರು ಟೆಸ್ಟ್ ಪಂದ್ಯ. ಭಾರತದ ಮೊದಲ ಸರದಿ 46ಕ್ಕೆ ಮುಗಿಯಿತು. "ನಮ್ಮ ಹುಡುಗ" 134 ಹೊಡೆದ. 36 ವರ್ಷಗಳ ಬಳಿಕ ನ್ಯೂಜಿಲೆಂಡ್ ಈ ನೆಲದಲ್ಲಿ ಟೆಸ್ಟ್ ಗೆದ್ದಿತು. ಈಗ ಕೈತಟ್ಟಬೇಕೋ, ತಲೆಯ ಮೇಲೆ ಕೈಹೊತ್ತು ಕೂರಬೇಕೋ?

ಇಂಥ ಇಕ್ಕಟ್ಟು ನಮಗೆ ಹೊಸದೇನೂ ಅಲ್ಲ. "ನಿಮ್ಮ ಊರು ಯಾವುದು?" ಎಂದರೆ ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದ ನಾವು ಇಂದಿಗೂ ಕುಂದಾಪುರ, ಅಂಕೋಲೆ, ವಿಜಯಪುರ ಎನ್ನುತ್ತೇವೆ. ನಮ್ಮ ಮಕ್ಕಳು ಮಾಟುಂಗ, ಡೊಂಬಿವಲಿ ಎನ್ನುತ್ತಾರೆ. ಎರಡೂ ಸುಳ್ಳಲ್ಲ.

ಮೂಲ್ಕಿಯ ಬುಧಿಸಾಗರ ಕುಂದರನ್ ಅವರನ್ನು ಹಿರಿಯರು ಮರೆತಿರಲಾರರು. 1939ರಲ್ಲಿ ಮೂಲ್ಕಿಯಲ್ಲಿ ಹುಟ್ಟಿ ಈ ಮುಂಬಯಿಯಲ್ಲಿ ಬೆಳೆದವರು. 1960ರ ಜನವರಿಯಲ್ಲಿ ಇಲ್ಲಿಯದೇ ಬ್ರೆಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಭಾರತದ ವಿಕೆಟ್ ಕೀಪರಾಗಿ ಇಳಿದರು. ರಣಜಿ ಪಂದ್ಯಗಳಲ್ಲಿ ಆಡಿದ್ದು ರೈಲ್ವೆಗೆ ಮತ್ತು ಮೈಸೂರಿಗೆ. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಬೌಲರುಗಳನ್ನು ಬಡಿದು 192 ಓಟ ತೆಗೆದರು. ಭಾರತಕ್ಕೆ 18 ಟೆಸ್ಟ್ ಆಡಿದ ಮೇಲೆ ಸ್ಕಾಟ್ಲೆಂಡಿನಲ್ಲಿ ನೆಲಸಿ, 1980ರ ದಶಕದಲ್ಲಿ ಆ ನಾಡಿನ ತಂಡಕ್ಕೂ ಆಡಿದರು. 2006ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ, ಗ್ಲಾಸ್ಗೋದಲ್ಲಿ. ಅವರನ್ನು ಮೂಲ್ಕಿ ಬಿಟ್ಟುಕೊಟ್ಟೀತೆ? ಇನ್ನು ಇಂದೋರಿನಲ್ಲಿ, ಮರಾಠಿ ಮನೆತನದಲ್ಲಿ ಹುಟ್ಟಿದ ರಾಹುಲ್ ದ್ರಾವಿಡ್ ಕರ್ನಾಟಕದವರಲ್ಲ ಎಂದು ಯಾರಾದರೂ ಅಂದರೆ ಈ ಸಭೆಯಲ್ಲಿ ಯಾರು ಸುಮ್ಮನಿದ್ದಾರು?

ನಿಯಮಗಳು ಆಟದಿಂದ ಆಟಕ್ಕೆ ಬೇರೆ. ಒಲಿಂಪಿಕ್ಸಿಗೆ ಆ ದೇಶದ ಪೌರತ್ವ ಬೇಕೇ ಬೇಕು. ಒಂದು ದೇಶಕ್ಕೆ ಆಡಿ ಪೌರತ್ವ ಬದಲಿಸಿದವರು ಸಾಮಾನ್ಯವಾಗಿ 3 ವರ್ಷ ಕಾಯಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಇದಕ್ಕಿಂತ ಉದಾರ. ಅಲ್ಲಿ ಹುಟ್ಟಿದ್ದರೂ ಆಯಿತು, ಅಲ್ಲಿಯ ಪೌರರಾದರೂ ಆಯಿತು, 3 ವರ್ಷ ಅಲ್ಲಿ ಖಾಯಂ ವಾಸವಿದ್ದರೂ ಆಯಿತು. ನಮಗೆ ಈ ಮೂರನೆಯದೇ ಹೆಚ್ಚು ಮೆಚ್ಚುಗೆ. ಹುಟ್ಟುವ ಊರನ್ನು ಯಾರೂ ಆರಿಸಿಕೊಂಡದ್ದಲ್ಲ. ಬಾಳುವ ಊರಿಗೆ ಬೆವರು ಸುರಿಸಿರುತ್ತೇವೆ.

ನಮ್ಮ ದೇಶದ ಕಾನೂನು ಎರಡು ಪೌರತ್ವಗಳನ್ನು ಒಟ್ಟಿಗೆ ಒಪ್ಪುವುದಿಲ್ಲ. 2008ರ ಡಿಸೆಂಬರಿನಲ್ಲಿ ಕೇಂದ್ರದ ಕ್ರೀಡಾ ಸಚಿವಾಲಯವು ಭಾರತದ ಪಾಸ್‌ಪೋರ್ಟ್ ಉಳ್ಳವರೇ ಭಾರತಕ್ಕೆ ಆಡತಕ್ಕದ್ದೆಂದು ವಿಧಿಸಿತು. ಅದುವರೆಗೆ ಡೇವಿಸ್ ಕಪ್ಪಿನಲ್ಲಿ ನಮಗೆ ಆಡುತ್ತಿದ್ದ ಅಮೆರಿಕದ ಪೌರ ಪ್ರಕಾಶ್ ಅಮೃತರಾಜ್ ಹೊರಗುಳಿಯಬೇಕಾಯಿತು. ಜಪಾನಿನಲ್ಲಿ ಹುಟ್ಟಿದ, ಗುಜರಾತಿ ತಂದೆಯ ಮಗ ಅರಾಟ ಇಜುಮಿ 2012ರಲ್ಲಿ ಆ ದೇಶದ ಪೌರತ್ವ ಬಿಟ್ಟುಕೊಟ್ಟು, ಮರುವರ್ಷ ಭಾರತದ ಫುಟ್ಬಾಲ್ ತಂಡ ಸೇರಿದರು. ಬೆಂಗಳೂರು ತಂಡದ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯದ ಪಾಸ್‌ಪೋರ್ಟ್ ಬಿಟ್ಟರು. ಅವರ ತಾಯಿ ಮುಂಬಯಿಯವರು. ಬೆಳೆದು ನಿಂತ ಗಂಡಸರು ಬುದ್ಧಿಪೂರ್ವಕವಾಗಿ ಮಾಡಿದ ತ್ಯಾಗಗಳಿವು.

ಆದರೆ ಮಕ್ಕಳ ಪಾಡು? ನಮ್ಮ ಸಂಘದ ಹಿರಿಯರೊಬ್ಬರ ಮೊಮ್ಮಗಳು ಅಮೆರಿಕದಲ್ಲಿ ಹುಟ್ಟಿದವಳು. ಬ್ಯಾಡ್ಮಿಂಟನ್ ಚೆನ್ನಾಗಿ ಆಡುತ್ತಾಳೆ. ಹದಿನಾಲ್ಕನೆಯ ವಯಸ್ಸಿನಲ್ಲಿ "ಅಜ್ಜ, ನಾನು ಭಾರತಕ್ಕೆ ಆಡಬೇಕು" ಎಂದಳು. ಹಿರಿಯರು ಹಿಗ್ಗಿದರು; ಕಾಗದಪತ್ರ ಏನೇನು ಬೇಕೆಂದು ನಮ್ಮನ್ನು ಕರೆದುಕೊಂಡು ವಕೀಲರ ಬಳಿ ಹೋದರು. ವಕೀಲರು ಎಲ್ಲ ಕೇಳಿ, "ಸಾಗರೋತ್ತರ ಪೌರಳೆಂಬ ಕಾರ್ಡು ಇದ್ದರೆ ವೀಸಾ ಇಲ್ಲದೆ ಬಂದುಹೋಗಬಹುದು, ಪೌರತ್ವ ಬೇಕಾದರೆ ಕಾರ್ಡು ಪಡೆದು 5 ವರ್ಷ ಕಳೆಯಬೇಕು, ಇಲ್ಲಿ ಬಂದು ವಾಸ ಮಾಡಬೇಕು, ಆ ಕಡೆಯದನ್ನು ಬಿಡಬೇಕು" ಎಂದರು. ಅಲ್ಲಿಯ ಕಾಲೇಜು, ಮುಂದಿನ ನೌಕರಿ, ತಂದೆತಾಯಿಗಳ ಆಸರೆ ಎಲ್ಲವೂ ಒಂದು ಪುಸ್ತಕದ ರಟ್ಟಿನ ಬಣ್ಣಕ್ಕೆ ಗಂಟುಬಿದ್ದಿದ್ದವು. ಮಗ ಬೇಡವೆಂದ. ಹುಡುಗಿ ಎರಡು ಹೊತ್ತು ಊಟ ಬಿಟ್ಟಳಂತೆ.

ಯಾರನ್ನು ದೂರೋಣ? ಇಬ್ಬರು ಒಡೆಯರ ಆಳಾಗಲು ಬಾರದೆಂದು ಸರಕಾರ ಹೇಳಿದರೆ ಅದು ಅನ್ಯಾಯವೆನ್ನಲಾರೆವು. ಆದರೆ ಆ ಹುಡುಗಿಗೆ ದೇಶಾಭಿಮಾನ ಸಾಲದೆಂದು ನಮ್ಮವರೇ ಒಬ್ಬರು ಆಡಿದ ಮಾತು ನಮಗೆ ರುಚಿಸಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಹಾಗೆ ಹೇಳುವುದೆಂದರೇನು? ನಮ್ಮನ್ನೂ ಊರಿನವರು ಜಾತ್ರೆಗೆ ಹೋದಾಗ "ಬೊಂಬಾಯಿಯವರು" ಎನ್ನುವುದಿಲ್ಲವೆ?

ಈಗ ಅವಳು ಅಲ್ಲಿಯೇ ಕಿರಿಯರ ಪಂದ್ಯಗಳಲ್ಲಿ ಆಡುತ್ತಿದ್ದಾಳೆ. ಹಿರಿಯರು ನಡುರಾತ್ರಿ ಎದ್ದು ಫೋನಿನಲ್ಲಿ ನೋಡುತ್ತಾರೆ. ಬರುವ ಡಿಸೆಂಬರ್ ರಜೆಗೆ ಮುಂಬಯಿಗೆ ಬರಲಿದ್ದಾಳೆ. ನಮ್ಮ ಸಂಘದ ಮಕ್ಕಳೊಡನೆ ಅವಳಿಗೊಂದು ಪಂದ್ಯ ಗೊತ್ತುಮಾಡಿದ್ದೇವೆ. ಅಜ್ಜ ಯಾರ ಕಡೆ ಎಂದು ನಿನ್ನೆ ಕಾರ್ಯದರ್ಶಿಗಳು ತಮಾಷೆಗೆ ಕೇಳಿದರು. ಅಂಪೈರ್ ತಾನೇ ಆಗುತ್ತೇನೆಂದು ಅವರು ಹೆಸರು ಬರೆಸಿ ಹೋಗಿದ್ದಾರೆ.