ಇಳಿವಯಸ್ಸಿನವರಿಗೆ ಗಣಕವಿದ್ಯೆಯ ಬೋಧನೆ
(ಉಪನ್ಯಾಸ)



ವಿದ್ಯೆಗೆ ವಯಸ್ಸಿನ ಕಟ್ಟಳೆಯಿಲ್ಲವೆಂದು ಎಲ್ಲರೂ ಹೇಳುವರು. ಆದರೆ ಅರುವತ್ತು ಮೀರಿದ ಹಿರಿಯರೊಬ್ಬರು ಗಣಕಯಂತ್ರದ ಮುಂದೆ ಕುಳಿತರೆ ಮನೆಯವರೇ ಮುಗುಳುನಗುವರು. "ಈ ವಯಸ್ಸಿನಲ್ಲಿ ಇದೇಕೆ?" ಎಂಬ ಪ್ರಶ್ನೆಯಂತೂ ಪರರ ಬಾಯಿಂದ ಬರುವದಕ್ಕೆ ಮೊದಲೇ ಆ ಹಿರಿಯರ ಮನಸ್ಸಿನಲ್ಲಿ ಹುಟ್ಟಿರುತ್ತದೆ. ಆದಕಾರಣ ಇಳಿವಯಸ್ಸಿನವರಿಗೆ ಗಣಕಯಂತ್ರವನ್ನೂ ಅಂತರ್ಜಾಲವನ್ನೂ ಕಲಿಸತಕ್ಕ ಬಗೆ ಯಾವದು, ಅದರಲ್ಲಿ ಕಲಿಸುವವನ ಹೊಣೆ ಎಷ್ಟರದು, ಎಂಬುದೇ ಈ ಉಪನ್ಯಾಸದ ವಿಷಯವಾಗಿದೆ.

ಕಾಲವು ಈ ವಿದ್ಯೆಯನ್ನು ಬೇಕಾದರೆ ಕಲಿಯುವ, ಬೇಡವಾದರೆ ಬಿಡುವ ವಿದ್ಯೆಯನ್ನಾಗಿ ಉಳಿಸಿಲ್ಲ. ಪಿಂಚಣಿಯನ್ನು ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ ತಿಂಗಳಲ್ಲಿ, ತಾವು ಜೀವಂತರಿರುವದಾಗಿ ಪ್ರಮಾಣಪತ್ರವನ್ನು ಒಪ್ಪಿಸಬೇಕಾಗುತ್ತದೆ. ಅದನ್ನು ಅಂತರ್ಜಾಲದ ಮೂಲಕ ಸಲ್ಲಿಸುವ 'ಜೀವನ ಪ್ರಮಾಣ'ವೆಂಬ ಏರ್ಪಾಡು 2014ರಲ್ಲಿ ಆರಂಭವಾಯಿತು. 2021ರಲ್ಲಿ ಮುಖಚಹರೆಯಿಂದಲೇ ಗುರುತು ಹಿಡಿಯುವ ಅನುಕೂಲವೂ ಅದಕ್ಕೆ ಕೂಡಿತು. 2016ರಲ್ಲಿ ಬಂದ ಯುಪಿಐ ಪದ್ಧತಿಯು ಇಂದು ಸಂತೆಯ ಕಾಯಿಪಲ್ಲೆಯ ಅಂಗಡಿಯವರೆಗೂ ಹಬ್ಬಿದೆ. ಹಳ್ಳಿಯ ಜನರಿಗೆ ಈ ವಿದ್ಯೆಯನ್ನು ಮುಟ್ಟಿಸುವ ಸಲುವಾಗಿ ಕೇಂದ್ರ ಸರಕಾರವು 2017ರಲ್ಲಿ ಒಂದು ದೊಡ್ಡ ಅಭಿಯಾನವನ್ನು ಕೈಕೊಂಡಿತು. 6 ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಮನೆಗೊಬ್ಬರಂತೆ 20 ಗಂಟೆಗಳ ಶಿಕ್ಷಣವನ್ನು ಕೊಡುವದು ಅದರ ಗುರಿಯಾಗಿತ್ತು. ಆದರೆ ಅದಕ್ಕೆ ಸೇರಲು ವಯಸ್ಸು 14ರಿಂದ 60ರ ಒಳಗೆ ಇರಬೇಕೆಂದು ನಿಯಮವಿತ್ತು. 2024ರ ಮಾರ್ಚ ತಿಂಗಳಲ್ಲಿ ಆ ಅಭಿಯಾನವು ಮುಗಿಯಿತು. ಅರುವತ್ತು ದಾಟಿದವರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಅವರಿಗೆ ಕಲಿಸುವ ಕೆಲಸವು ಬಹುಮಟ್ಟಿಗೆ ಮಕ್ಕಳು, ಮೊಮ್ಮಕ್ಕಳು, ನೆರೆಹೊರೆಯವರ ಪಾಲಿಗೇ ಉಳಿಯಿತು.

ವಯಸ್ಸಾದವರ ಬುದ್ಧಿಗೆ ಹೊಸ ವಿದ್ಯೆ ಹತ್ತುವದಿಲ್ಲವೆಂಬ ನಂಬಿಗೆಯನ್ನು ಮೊದಲು ಪರೀಕ್ಷಿಸತಕ್ಕದ್ದು. ಅಮೇರಿಕೆಯ ಡಲ್ಲಾಸ್ ನಗರದಲ್ಲಿ ಡೆನಿಸ್ ಪಾರ್ಕ್ ಎಂಬ ವಿದುಷಿಯೂ ಅವರ ಸಂಗಡಿಗರೂ 60ರಿಂದ 90 ವರ್ಷದವರನ್ನು ಕೂಡಿಸಿ ಮೂರು ತಿಂಗಳು ಪ್ರಯೋಗ ನಡೆಸಿದರು. ಕೆಲವರು ಡಿಜಿಟಲ್ ಛಾಯಾಗ್ರಹಣವನ್ನೂ ಅದಕ್ಕೆ ಬೇಕಾದ ಗಣಕದ ಕೆಲಸವನ್ನೂ ಕಲಿತರು. ಕೆಲವರು ಕೌದಿ ಹೊಲಿಯುವದನ್ನು ಕಲಿತರು. ಬೇರೆ ಕೆಲವರು ಏನನ್ನೂ ಹೊಸದಾಗಿ ಕಲಿಯದೆ ಸ್ನೇಹಗೋಷ್ಠಿಯಲ್ಲಿ ಕಾಲ ಕಳೆದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೊಸ ವಿದ್ಯೆಯನ್ನು ಕಲಿತವರ ಜ್ಞಾಪಕಶಕ್ತಿಯು ಉತ್ತಮಗೊಂಡಿತು. ಜಪಾನ ದೇಶದ ಮಸಾಕೊ ವಾಕಾಮಿಯಾ ಎಂಬ ಮಹಿಳೆ 1935ರಲ್ಲಿ ಜನಿಸಿದವರು. ಬ್ಯಾಂಕಿನ ನೌಕರಿಯನ್ನು ಮುಗಿಸುವ ವಯಸ್ಸಿನಲ್ಲಿ ಗಣಕಯಂತ್ರವನ್ನು ಕೊಂಡು ಅಭ್ಯಾಸಕ್ಕೆ ತೊಡಗಿದ ಈಕೆ, 2017ರಲ್ಲಿ ತಮ್ಮ 81ನೆಯ ವಯಸ್ಸಿನಲ್ಲಿ ಮೊಬೈಲಿಗಾಗಿ 'ಹಿನಾದಾನ್' ಎಂಬ ಆಟವನ್ನು ತಾವೇ ರಚಿಸಿದರು. ಹಬ್ಬದ ಬೊಂಬೆಗಳನ್ನು ಅವುಗಳ ಯೋಗ್ಯ ಸ್ಥಾನದಲ್ಲಿ ಕೂಡಿಸುವದೇ ಆ ಆಟ. ಬೆರಳಿನ ವೇಗವುಳ್ಳ ತರುಣರಿಗೆ ಮಾತ್ರ ಒಗ್ಗುವ ಆಟಗಳಲ್ಲಿ ವೃದ್ಧರು ಸೋಲುವದನ್ನು ಕಂಡು ಅವರು ಇದನ್ನು ರಚಿಸಿದರು. ವಯಸ್ಸು ಕಣ್ಣನ್ನು ಮಬ್ಬಾಗಿಸುವದು, ಕೈಯನ್ನು ನಡುಗಿಸುವದು, ನೆನಪನ್ನು ನಿಧಾನಗೊಳಿಸುವದು, ನಿಜ. ಆದರೆ ವಿಷಯವನ್ನು ತೂಗಿ ನೋಡುವ ವಿವೇಕವನ್ನು ಅದು ಕಸಿದುಕೊಳ್ಳುವದಿಲ್ಲ.

ಹಾಗಾದರೆ ಹಿರಿಯರು ಕಲಿಯದೆ ಹೋಗುವದೇಕೆ? ಮುಖ್ಯವಾದ ದೋಷವು ಕಲಿಸುವವನ ಕೈಯಲ್ಲಿದೆ. ಅಜ್ಜನು ಮೌಸನ್ನು ಹಿಡಿದು ಪರದೆಯ ಮೇಲಿನ ಬಾಣವನ್ನು ಹುಡುಕುತ್ತಿರುತ್ತಾನೆ. ಮೊಮ್ಮಗನು ಒಂದು ಕ್ಷಣ ಕಾಯ್ದು, "ಕೊಡು ಅಜ್ಜಾ, ನಾ ಮಾಡ್ತೀನಿ" ಎಂದು ಅದನ್ನು ಕಸಿದುಕೊಂಡು ನಾಲ್ಕು ಸಲ ಟಕಟಕನೆ ಒತ್ತಿ ಕೆಲಸ ಮುಗಿಸುತ್ತಾನೆ. ಕೆಲಸವೇನೋ ಆಯಿತು, ಪಾಠವು ಆಗಲಿಲ್ಲ. ಅಜ್ಜನು ಕಲಿತದ್ದು ಒಂದೇ: "ಇದು ನನ್ನಿಂದಾಗದು" ಎಂಬುದು. ಹಿಂದಿನ ಗಾಂವಠಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರಗಳನ್ನು ತಿದ್ದುತ್ತಿದ್ದರು. ಅಯ್ಯನವರು ಮಗುವಿನ ಕೈಯನ್ನು ಹಿಡಿಯುತ್ತಿದ್ದರು. ಆದರೂ ಮರಳನ್ನು ಮುಟ್ಟುತ್ತಿದ್ದುದು ಮಗುವಿನ ಬೆರಳೇ. ಅಕ್ಷರವು ಸೊಟ್ಟಾದರೆ ಅಂಗೈಯಿಂದ ಸವರಿ ಮತ್ತೆ ಬರೆಯುವದು, ಅಷ್ಟೇ. ಈ ಎರಡು ನಿಯಮಗಳು ಗಣಕವಿದ್ಯೆಗೂ ಸಲ್ಲತಕ್ಕವು: ಕೈ ಕಲಿಯುವವರದೇ ಇರಲಿ, ತಪ್ಪು ಅಳಿಸಬಹುದಾದುದೆಂಬ ಧೈರ್ಯವು ಮೊದಲ ದಿನವೇ ದೊರೆಯಲಿ.

ಯಂತ್ರದಲ್ಲಿಯೂ ಆ ಮರಳಿನ ಗುಣವುಂಟು. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಕೂಡಿಯೇ ಒತ್ತಿದರೆ ಬರವಣಿಗೆಯಲ್ಲಿ ಈಗತಾನೆ ಆದ ತಪ್ಪು ಹಿಂದಕ್ಕೆ ಹೋಗುವದು. ಅಳಿಸಿದ ಕಡತವು ಸಾಮಾನ್ಯವಾಗಿ ಕಸದ ಬುಟ್ಟಿಯ ಚಿತ್ರದೊಳಗೆ ಕುಳಿತಿರುವದು. ಅಲ್ಲಿಂದ ಅದನ್ನು ಮರಳಿ ತೆಗೆಯಬಹುದು. ಆದ್ದರಿಂದ ಬರೆಯುವದನ್ನು ಕಲಿಸುವದಕ್ಕಿಂತ ಮೊದಲು ಬರೆದದ್ದನ್ನು ಕೆಡಿಸಿ ಸರಿಪಡಿಸುವದನ್ನು ಕಲಿಸಬೇಕು. ಮೌಸಿನ ಅಭ್ಯಾಸಕ್ಕೆ ಆಟದಂತಹ ಸಾಧನವಿಲ್ಲ. 1990ರಲ್ಲಿ ವಿಂಡೋಸಿನ ಮೂರನೆಯ ಆವೃತ್ತಿಯೊಡನೆ ಬಂದ ಇಸ್ಪೀಟಿನ ಆಟವು ಎಲೆಗಳನ್ನು ಹಿಡಿದೆಳೆದು ಬೇರೆಡೆ ಇಡುವದನ್ನು ಜಗತ್ತಿನ ಅಸಂಖ್ಯ ಜನರಿಗೆ ಕಲಿಸಿತು. ಹಣವಿಟ್ಟು ಆಡದ ಈ ಇಸ್ಪೀಟಿಗೆ ಮಠದ ಭಕ್ತರೂ ಆಕ್ಷೇಪಿಸಲಾರರು. ಬೇಗಬೇಗನೆ ಎರಡು ಸಲ ಒತ್ತುವದು ನಡುಗುವ ಕೈಗೆ ಕಷ್ಟ. ಅಂಥವರು ಒಮ್ಮೆ ಒತ್ತಿ, ಅನಂತರ ಎಂಟರ್ ಕೀಲಿಯನ್ನು ಒತ್ತಿದರೂ ಕಡತವು ತೆರೆಯುವದು. ಅಕ್ಷರಗಳನ್ನೂ ಬಾಣದ ಗುರುತನ್ನೂ ದೊಡ್ಡದು ಮಾಡಿಕೊಡುವದು ಮೊದಲ ಪಾಠದ ಮುಂಚಿನ ಸಿದ್ಧತೆ. ಹೇಳಿದ ಕ್ರಮವನ್ನು ಹಿರಿಯರು ತಮ್ಮದೇ ಅಕ್ಷರದಲ್ಲಿ, ತಮ್ಮದೇ ಮಾತಿನಲ್ಲಿ ವಹಿಯೊಂದರಲ್ಲಿ ಬರೆದಿಟ್ಟುಕೊಳ್ಳಲಿ. ಒಂದು ದಿನಕ್ಕೆ ಒಂದೇ ಕೆಲಸ. ಮರುದಿನ ಹೊಸದಕ್ಕೆ ಮೊದಲು ಹಳೆಯದು.

ಭಾಷೆಯ ಅಡ್ಡಿಯನ್ನೂ ಮರೆಯಲಾಗದು. ಕನ್ನಡ ಬಲ್ಲ ಹಿರಿಯರಿಗೆ ಯಂತ್ರವು ಇಂಗ್ಲಿಷಿನದೆಂಬ ಸಂಕೋಚವಿರುತ್ತದೆ. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಕ್ರಮವು ನಮ್ಮ ವರ್ಣಮಾಲೆಯ ತರ್ಕವನ್ನೇ ಅನುಸರಿಸಿದೆ. ಅದರಲ್ಲಿ ಎಫ್ ಕೀಲಿಯು ಒತ್ತಕ್ಷರಕ್ಕೆ ಮೀಸಲು. ಎ, ಎಮ್, ಎಫ್, ಎಮ್ ಎಂದು ನಾಲ್ಕು ಕೀಲಿಗಳನ್ನು ಒತ್ತಿದರೆ 'ಅಮ್ಮ' ಎಂದಾಗುವದು. 'ಅ, ಮಕ್ಕೆ ಮ ಒತ್ತು' ಎಂದು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ಇದು ಹೊಸ ವಿದ್ಯೆಯೇ ಅಲ್ಲ. ಇಂಗ್ಲಿಷ ಅಕ್ಷರಗಳ ಪರಿಚಯವಿಲ್ಲದವರಿಗೆ ಮೊಬೈಲಿನಲ್ಲಿ ಕನ್ನಡ ಅಕ್ಷರಗಳ ಕೀಲಿಮಣೆಯೇ ದೊರೆಯುವದು; ಬಾಯಿಂದ ಹೇಳಿದ ಕನ್ನಡವನ್ನು ಬರೆದುಕೊಳ್ಳುವ ಸೌಕರ್ಯವೂ ಉಂಟು.

ಇಲ್ಲಿಯವರೆಗೆ ಧೈರ್ಯದ ಮಾತಾಯಿತು. ಇನ್ನು ಭಯದ ಮಾತು. ಹಿರಿಯರ ಭಯವು ಬಹುತೇಕ ತಪ್ಪು ಸ್ಥಾನದಲ್ಲಿದೆ. "ತಪ್ಪು ಕೀಲಿ ಒತ್ತಿದರೆ ಯಂತ್ರ ಕೆಟ್ಟೀತು" ಎಂದು ಅವರು ಅಂಜುವರು, ಅದು ಕೆಡುವದಿಲ್ಲ. ಆದರೆ ನಯವಾಗಿಯೋ ಗದರಿಸಿಯೋ ಮಾತನಾಡುವ ಅಪರಿಚಿತನಿಗೆ ಒಟಿಪಿಯ ಅಂಕೆಗಳನ್ನು ಹೇಳಲು ಅಂಜುವದಿಲ್ಲ. ಅದರಿಂದ ಜೀವಮಾನದ ಗಳಿಕೆಯು ಒಂದು ಗಳಿಗೆಯಲ್ಲಿ ಹೋಗುವದು. ಮೊದಲಿನದು ಮರಳಿನ ಮೇಲಿನ ತಪ್ಪು, ಎರಡನೆಯದು ಕೈಬಿಟ್ಟ ಕಲ್ಲು. ಕಲಿಸುವವನು ಭಯವನ್ನು ಪೂರ್ತಿ ಅಳಿಸದೆ, ಅದನ್ನು ಅದರ ನಿಜವಾದ ಸ್ಥಾನದಲ್ಲಿ ತಂದು ನಿಲ್ಲಿಸತಕ್ಕದ್ದು. ಹಣವನ್ನು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಹಣ ಬರುವದೆಂದು ಹೇಳಿ ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದರ್ಥ. ವಿಡಿಯೋ ಕರೆಯಲ್ಲಿ ಪೋಲೀಸರ ಉಡುಪು ತೊಟ್ಟು 'ಡಿಜಿಟಲ್ ಬಂಧನ'ವೆಂದು ಬೆದರಿಸುವವರು ಕಳ್ಳರು. ಅಂತಹ ಬಂಧನವು ನಮ್ಮ ಕಾನೂನಿನಲ್ಲಿಲ್ಲ. ಮೋಸ ನಡೆದದ್ದು ತಿಳಿದೊಡನೆ 1930ಕ್ಕೆ ಕರೆ ಮಾಡಬೇಕು. ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವದು ಕಷ್ಟ. ಈ ಮಾತುಗಳು ಹಿರಿಯರ ವಹಿಯ ಮೊದಲ ಹಾಳೆಯಲ್ಲಿರಲಿ. ಇದರೊಂದಿಗೆ ಮನೆಯವರೂ ಒಂದು ಮಾತು ಕೊಡಬೇಕು: ಮೋಸಹೋದ ಹಿರಿಯರನ್ನು ಗದರುವದಿಲ್ಲವೆಂದು. ಗದರಿಕೆಗೆ ಅಂಜಿ ಹಿರಿಯರು ಬಾಯಿ ಮುಚ್ಚಿಕೊಂಡರೆ ಕಳ್ಳನಿಗೆ ವೇಳೆ ಸಿಕ್ಕಂತಾಗುವದು.

"ನಮ್ಮ ಕೆಲಸವನ್ನು ಮಕ್ಕಳು ಮಾಡಿಕೊಡುತ್ತಾರೆ, ನಮಗೇಕೆ?" ಎಂಬುವವರು ಇದನ್ನು ಯೋಚಿಸಲಿ. ತನ್ನ ಪಿನ್ ಅನ್ನು ಇನ್ನೊಬ್ಬರಿಗೆ ಒಪ್ಪಿಸಿದವರು ತಮ್ಮ ಪೆಟ್ಟಿಗೆಯ ಕೀಲಿಕೈಯನ್ನೇ ಒಪ್ಪಿಸಿದಂತೆ. ಮಕ್ಕಳು ಒಳ್ಳೆಯವರೇ ಇರಬಹುದು. ಆದರೆ ದೂರದ ಊರಿನಲ್ಲಿರುವರು. ಗಂಡನನ್ನು ಕಳೆದುಕೊಂಡ ತಾಯಿಯು ತನ್ನ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಪರರನ್ನು ಕೇಳಿ ತಿಳಿಯುವದಕ್ಕಿಂತ ತಾನೇ ನೋಡಿಕೊಳ್ಳುವದರಲ್ಲಿ ಒಂದು ಗೌರವವಿದೆ. ಈ ವಿದ್ಯೆಯಿಂದ ಹಿರಿಯರಿಗೆ ಸಿಗಬೇಕಾದದ್ದು ಆ ಗೌರವವೇ.

ಆದಕಾರಣ ಇಲ್ಲಿ ನೆರೆದ ತರುಣರಲ್ಲಿ ಒಂದು ಕೋರಿಕೆ. ನಿಮ್ಮ ನಿಮ್ಮ ಮನೆಯಲ್ಲಿ ಒಬ್ಬ ಹಿರಿಯರನ್ನು ಆರಿಸಿಕೊಳ್ಳಿರಿ. ಅವರಿಗೆ ಏನು ಬೇಕೆಂದು ಮೊದಲು ಕೇಳಿರಿ: ಪಿಂಚಣಿಯ ಪ್ರಮಾಣವೋ, ಪರದೇಶದಲ್ಲಿರುವ ಮೊಮ್ಮಗಳ ಮುಖವೋ, ವಚನಗಳ ಓದೋ. ಆ ಒಂದರಿಂದಲೇ ಪಾಠವನ್ನು ಆರಂಭಿಸಿರಿ. ಪಕ್ಕದಲ್ಲಿ ಕುಳಿತುಕೊಳ್ಳಿರಿ, ಬಾಯಿಂದ ಹೇಳಿರಿ, ಹತ್ತನೆಯ ಸಲ ಕೇಳಿದರೂ ಮೊದಲನೆಯ ಸಲದಂತೆಯೇ ಉತ್ತರಿಸಿರಿ. ನಿಮ್ಮ ಕೈಗಳು ಮಾತ್ರ ನಿಮ್ಮ ಮಡಿಲಲ್ಲಿಯೇ ಇರಲಿ.