ಕೊಟ್ಟಿಗೆಯಲ್ಲಿ ಮಲಗಿದ ಚಿಕ್ಕಪ್ಪ



ನಾನು ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವಾಗ ನಮ್ಮ ಚಿಕ್ಕಪ್ಪನಿಗೆ ಕ್ಷಯ ಬಂತು. ಮಾತ್ರೆ ನುಂಗುತ್ತಿದ್ದರೂ ಅವರ ಹಾಸಿಗೆ, ತಟ್ಟೆ ಕೊಟ್ಟಿಗೆಗೆ ಹೋದವು. ನಾನೂ ಊಟವನ್ನು ದೂರವಿಟ್ಟು ಓಡಿಬರುತ್ತಿದ್ದೆ.

ಮುಂದೆ ಲ್ಯಾಬ್ ಟೆಕ್ನಿಷಿಯನ್ ಆದಾಗ ಗೊತ್ತಾಯಿತು: ಮದರಾಸಿನಲ್ಲಿ 1956ರಲ್ಲೇ ಒಂದು ಅಧ್ಯಯನ ಶುರುವಾಗಿತ್ತು. ಕೆಲವು ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿ, ಕೆಲವರಿಗೆ ಮನೆಯಲ್ಲೇ, ಒಂದು ವರ್ಷ ಅದೇ ಔಷಧಿ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು. ಅವರ ಜೊತೆಗಿದ್ದವರಿಗೆ ಅಪಾಯವೇನೂ ಹೆಚ್ಚಲಿಲ್ಲ.

ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಮಾತ್ರೆ ನಡುವೆ ಬಿಡಬೇಡಿ. ಮಾತ್ರೆ ನುಂಗುವವರನ್ನು ಕೊಟ್ಟಿಗೆಗೆ ಕಳಿಸಬೇಡಿ.

ಚಿಕ್ಕಪ್ಪ ಗುಣವಾದರು. ಆದರೆ ಮತ್ತೆಂದೂ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.